ಫೈಲ್ ಸರ್ವರ್ ಎಲ್ಲಿಡಬೇಕು? ಗೋಣಿಕೊಪ್ಪಲಿನ ಓದುಗರಿಗೆ ಉತ್ತರ

ಪ್ರಶ್ನೆ: ಕೊಡಗಿನ ಗೋಣಿಕೊಪ್ಪಲಿನಲ್ಲಿ ನಮ್ಮದು ಕಾಫಿ, ಕರಿಮೆಣಸು ಖರೀದಿ ವ್ಯಾಪಾರ. ಪೇಟೆಯ ಕಚೇರಿಯಲ್ಲಿ ಒಂಬತ್ತು ಕಂಪ್ಯೂಟರ್ ಇವೆ. ಕಚೇರಿಯ ಹಿಂಭಾಗಕ್ಕೆ ಸುಮಾರು 180 ಮೀಟರ್ ದೂರದ ಗೋದಾಮಿನಲ್ಲಿ ತೂಕ ಮಾಡುವ ಕಡೆ ಮೂರು, ಸಿದ್ದಾಪುರದ ಶಾಖೆಯಲ್ಲಿ ನಾಲ್ಕು. ಎಲ್ಲರ ಫೈಲ್‌ಗಳನ್ನೂ ಒಂದೆಡೆ ಇಡುವ ಕಂಪ್ಯೂಟರ್, ಅಂದರೆ ಫೈಲ್ ಸರ್ವರ್, ಗೋದಾಮಿನ ಕೋಣೆಯಲ್ಲಿದೆ. ಅಲ್ಲಿ ಜಾಗವಿತ್ತು, ಬೀಗವಿತ್ತು ಅಂತ ಇಟ್ಟೆವು. ಮಳೆಗಾಲ ಶುರುವಾದರೆ ವಾರದಲ್ಲಿ ಎರಡು ಮೂರು ಸಲ ಕಚೇರಿಯಲ್ಲಿ ಯಾರಿಗೂ ಫೈಲ್ ತೆರೆಯುವುದಿಲ್ಲ. ಗುಡುಗು ಬಂದಾಗ ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರ್‌ಗಳ ಕೇಬಲ್‌ಗಳನ್ನು ಒಂದೆಡೆ ಜೋಡಿಸುವ ಡಬ್ಬಿ) ಸುಟ್ಟದ್ದೂ ಇದೆ. ಎರಡು ಪವರ್ ಸಪ್ಲೈ ಇರುವ ದೊಡ್ಡ ಸರ್ವರ್ ತೆಗೆದುಕೊಳ್ಳಿ ಎಂದು ಒಬ್ಬರು ಹೇಳುತ್ತಾರೆ. ಎಲ್ಲವನ್ನೂ ಕ್ಲೌಡ್‌ಗೆ ಹಾಕಿಬಿಡಿ ಎಂದು ಇನ್ನೊಬ್ಬರು. ಏನು ಮಾಡಲಿ? ಈಗಿರುವ ಜೋಡಣೆಯ ಚಿತ್ರ ಕಳಿಸಿದ್ದೇನೆ.

ಉತ್ತರ: ಸದ್ಯಕ್ಕೆ ಎರಡೂ ಬೇಡ. ಸರ್ವರ್ ಬದಲಾಯಿಸಬೇಡಿ, ಅದನ್ನಿಟ್ಟಿರುವ ಜಾಗ ಬದಲಾಯಿಸಿ. ನಿಮ್ಮ ಚಿತ್ರ ನೋಡಿದ ಮೇಲೆ ಇದರಲ್ಲಿ ನನಗೆ ಅನುಮಾನ ಉಳಿದಿಲ್ಲ.

ಯಾಕೆ ಅಂತ ನೀವೇ ಲೆಕ್ಕ ಹಾಕಿ ನೋಡಬಹುದು. ಕಚೇರಿಯಲ್ಲಿ ಕೂತವರು ಒಂದು ಬಿಲ್ ಫೈಲ್ ತೆರೆಯಬೇಕಾದರೆ ಏನೇನು ಸರಿಯಿರಬೇಕು? ಕಚೇರಿಯ ಸ್ವಿಚ್, ಅಲ್ಲಿಯ ಕರೆಂಟ್, ಹೊರಗೆ ಹೋಗುವ ಕೇಬಲ್, ಪಂಪ್‌ಹೌಸಿನಲ್ಲಿ ಮಧ್ಯೆ ಇಟ್ಟಿರುವ ಚಿಕ್ಕ ಸ್ವಿಚ್, ಅದರ ಕರೆಂಟ್, ಅಲ್ಲಿಂದ ಮುಂದಿನ ಕೇಬಲ್, ಗೋದಾಮಿನ ಸ್ವಿಚ್, ಗೋದಾಮಿನ ಕರೆಂಟ್, ಕೊನೆಗೆ ಸರ್ವರ್. ಒಟ್ಟು ಒಂಬತ್ತು. ಒಂದೊಂದೂ 100 ಗಂಟೆಯಲ್ಲಿ 99 ಗಂಟೆ ಸರಿಯಿರುತ್ತದೆ ಎಂದುಕೊಳ್ಳಿ. ಎಲ್ಲವೂ ಒಟ್ಟಿಗೆ ಸರಿಯಿರುವ ಸಮಯ ಬೇಕಾದರೆ 0.99 ಅನ್ನು ಒಂಬತ್ತು ಸಲ ಗುಣಿಸಬೇಕು. ಬರುವುದು ಸುಮಾರು 0.91. ಅಂದರೆ 100 ಗಂಟೆಯಲ್ಲಿ ಹತ್ತಿರ ಹತ್ತಿರ 9 ಗಂಟೆ ಕೆಲಸ ನಿಲ್ಲುತ್ತದೆ.

ಈಗ ದೊಡ್ಡ ಸರ್ವರ್ ತಂದಿರಿ ಎನ್ನೋಣ. ಅದು ಎಂದೂ ಕೆಡುವುದಿಲ್ಲ ಎಂದೇ ಇಟ್ಟುಕೊಳ್ಳಿ. ಒಂಬತ್ತರಲ್ಲಿ ಒಂದು ಕಡಿಮೆಯಾಯಿತು, ಎಂಟು ಹಾಗೇ ಉಳಿದವು. ಲೆಕ್ಕ 0.92ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಲಕ್ಷಗಟ್ಟಲೆ ಖರ್ಚಿಗೆ ಉಳಿದದ್ದು ಒಂದೇ ಗಂಟೆ. ಅದರ ಬದಲು ಈಗಿರುವ ಹಳೇ ಸರ್ವರನ್ನೇ ಕಚೇರಿಗೆ ತಂದು, ಒಂಬತ್ತು ಕಂಪ್ಯೂಟರ್ ಇರುವ ಸ್ವಿಚ್‌ಗೇ ಸಿಕ್ಕಿಸಿ. ಕಚೇರಿಯವರಿಗೆ ಬೇಕಾದದ್ದು ಮೂರೇ ಆಯಿತು: ಸ್ವಿಚ್, ಕರೆಂಟ್, ಸರ್ವರ್. ಲೆಕ್ಕ 0.97 ಆಗುತ್ತದೆ. ಖರ್ಚು ಒಂದು ಕೇಬಲ್ ತುಂಡು.

ಈ ಲೆಕ್ಕ ಕರಾರುವಾಕ್ಕಲ್ಲ. ಒಂದು ಕೆಟ್ಟದ್ದಕ್ಕೂ ಇನ್ನೊಂದು ಕೆಟ್ಟದ್ದಕ್ಕೂ ಸಂಬಂಧವಿಲ್ಲ ಎಂದುಕೊಂಡು ಗುಣಿಸಿದ್ದೇವೆ. ನಮ್ಮಲ್ಲಿ ಒಂದು ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದರೆ ಮೂರು ಕಡೆ ಕರೆಂಟೂ ಒಟ್ಟಿಗೆ ಹೋಗಬಹುದು. ಆದರೂ ಯಾವ ದಿಕ್ಕಿಗೆ ಹೋಗಬೇಕು ಎನ್ನುವುದಕ್ಕೆ ಈ ಲೆಕ್ಕ ಸಾಕು.

ಇದರಲ್ಲಿ ಇನ್ನೊಂದು ಲಾಭವಿದೆ. ಸರ್ವರ್ ಕಚೇರಿಯಲ್ಲಿದ್ದಾಗ ಕಚೇರಿಗೆ ಕರೆಂಟ್ ಹೋಯಿತು ಎನ್ನಿ. ಬ್ಯಾಟರಿ ಬ್ಯಾಕಪ್ ಇಲ್ಲದಿದ್ದರೆ ಜನರ ಕಂಪ್ಯೂಟರೂ ಆಫ್ ಆಗಿರುತ್ತವೆ. ಸರ್ವರ್ ಸಿಗದೆ ಹೋದದ್ದರಿಂದ ಆ ಹೊತ್ತಿನಲ್ಲಿ ಹೆಚ್ಚಿನ ನಷ್ಟವೇನೂ ಇಲ್ಲ. ಈಗಿನ ಜೋಡಣೆಯಲ್ಲಿ ಹಾಗಲ್ಲ. ಕಚೇರಿಯಲ್ಲಿ ಎಲ್ಲವೂ ಸರಿಯಿದೆ, ದೀಪ ಉರಿಯುತ್ತಿದೆ, ಒಂಬತ್ತು ಜನ ಮಾತ್ರ ಕೈಕಟ್ಟಿ ಕೂತಿರುತ್ತಾರೆ. ಪಂಪ್‌ಹೌಸಿನಲ್ಲಿ ಯಾರೋ ಮೋಟಾರಿಗೆಂದು ಪ್ಲಗ್ ಕಿತ್ತಿದ್ದರೆ ಅದಕ್ಕೂ ಇವರೇ ಬಲಿ. ಲೆಸ್ಲಿ ಲ್ಯಾಂಪೋರ್ಟ್ ಎಂಬ ಕಂಪ್ಯೂಟರ್ ವಿಜ್ಞಾನಿ 1987ರಲ್ಲಿ ಇದನ್ನೇ ಹೇಳಿದ್ದರು. ಒಂದಕ್ಕೊಂದು ಜೋಡಿಸಿದ ವ್ಯವಸ್ಥೆಯಲ್ಲಿ, ಇದೆ ಅಂತಲೇ ನಿಮಗೆ ಗೊತ್ತಿಲ್ಲದ ಒಂದು ಕಂಪ್ಯೂಟರ್ ಕೆಟ್ಟು ನಿಮ್ಮ ಕೆಲಸ ನಿಲ್ಲುತ್ತದೆ ಎಂಬ ಅರ್ಥದ ಮಾತು. ನಿಮ್ಮ ಕಚೇರಿಯಲ್ಲಿ ಎಷ್ಟು ಜನಕ್ಕೆ ಪಂಪ್‌ಹೌಸಿನ ಸ್ವಿಚ್ ಇರುವುದು ಗೊತ್ತು? ಕೇಳಿ ನೋಡಿ.

ಆ ಸ್ವಿಚ್ ಅಲ್ಲಿಗೆ ಯಾಕೆ ಬಂತು ಎನ್ನುವುದೂ ಸ್ಪಷ್ಟವಾಗಿದೆ. ತಾಮ್ರದ ನೆಟ್‌ವರ್ಕ್ ಕೇಬಲ್‌ಗೆ 100 ಮೀಟರ್ ಮಿತಿ. ನಿಮ್ಮದು 180 ಮೀಟರ್. ಹಾಗಾಗಿ ಹಾಕಿದವರು ನಡುವೆ ಒಂದು ಸ್ವಿಚ್ ಇಟ್ಟು ಎರಡು ತುಂಡು ಮಾಡಿದ್ದಾರೆ. ಕೆಲಸ ನಡೆಯುತ್ತದೆ, ಆದರೆ ಮಿಂಚಿಗೆ ಅದು ನೇರ ದಾರಿ. ಸ್ವಿಚ್ ಸುಟ್ಟದ್ದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಸಿಡಿಲು ನೇರವಾಗಿ ಕಟ್ಟಡಕ್ಕೆ ಹೊಡೆಯಬೇಕೆಂದಿಲ್ಲ. ಹತ್ತಿರದ ಮರಕ್ಕೋ ಕಂಬಕ್ಕೋ ಹೊಡೆದರೂ ಎರಡು ಕಟ್ಟಡಗಳ ಅರ್ತಿಂಗ್ ನಡುವೆ ಒಂದು ಕ್ಷಣ ಭಾರೀ ವೋಲ್ಟೇಜ್ ವ್ಯತ್ಯಾಸ ಹುಟ್ಟುತ್ತದೆ. ಅದು ಹರಿಯಲು ದಾರಿ ಹುಡುಕುತ್ತದೆ. ಎರಡು ಕಟ್ಟಡಗಳನ್ನು ಜೋಡಿಸಿದ ತಾಮ್ರದ ತಂತಿ ಸಿಕ್ಕರೆ ಅದರಲ್ಲೇ ಹರಿದು ಎರಡೂ ತುದಿಯ ಸ್ವಿಚ್ ಪೋರ್ಟ್‌ಗಳನ್ನು ಸುಡುತ್ತದೆ. ಆ ಸ್ವಿಚ್‌ಗೆ ಸೇರಿಸಿದ ಸರ್ವರಿಗೂ ತಟ್ಟಬಹುದು. ಮಾರ್ಚ್ ಏಪ್ರಿಲ್‌ನ ಹೂ ಮಳೆಯಿಂದ ಹಿಡಿದು ಜೂನ್ ವರೆಗೆ ನಮ್ಮಲ್ಲಿ ಗುಡುಗು ಎಷ್ಟೆಂದು ನಿಮಗೆ ಹೇಳಬೇಕಿಲ್ಲ.

ಹಾಗಾಗಿ ಕಚೇರಿಗೂ ಗೋದಾಮಿಗೂ ನಡುವೆ ತಾಮ್ರ ತೆಗೆದು ಫೈಬರ್ ಹಾಕಿ. ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಆದರೆ ಕೊಳ್ಳುವಾಗ ಜಾಗ್ರತೆ. ಕೆಲವು ಕೇಬಲ್‌ಗಳಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ, ಕೆಲವಕ್ಕೆ ಲೋಹದ ಕವಚ ಇರುತ್ತದೆ. ಆಗ ಮಿಂಚಿಗೆ ಮತ್ತೆ ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಲೋಹವೇ ಇಲ್ಲದ ಕೇಬಲ್ ಬೇಕು ಎಂದು ಬಿಡಿಸಿ ಹೇಳಿ. ಅದನ್ನು ನೀರಿಗೆ ಬಳಸುವ ಎಚ್‌ಡಿಪಿಇ ಪೈಪಿನೊಳಗೆ ಹಾಕಿ ಹೂಳಿಸಿ, ಇಲಿ ಹೆಗ್ಗಣಗಳ ಕಾಟ ತಪ್ಪುತ್ತದೆ. ಫೈಬರಿನ ಎರಡು ಬಗೆಗಳಲ್ಲಿ ಸಿಂಗಲ್ ಮೋಡ್ ತೆಗೆದುಕೊಳ್ಳಿ. 180 ಮೀಟರಿಗೆ ಮಲ್ಟಿ ಮೋಡ್ ಕೂಡ ಸಾಕಾಗುತ್ತದೆ. ಆದರೆ ಮನೆ ಮನೆಗೆ ಇಂಟರ್‌ನೆಟ್ ಕೊಡುವವರು ಎಳೆಯುವುದು ಸಿಂಗಲ್ ಮೋಡ್, ಅದನ್ನು ಜೋಡಿಸುವ ಸ್ಪ್ಲೈಸಿಂಗ್ ಮಷಿನ್ ಅವರ ಹತ್ತಿರ ಇರುತ್ತದೆ. ನಾಳೆ ತುಂಡಾದರೆ ಊರಲ್ಲೇ ರಿಪೇರಿ ಆಗಬೇಕಲ್ವಾ? ಎರಡು ಎಳೆ ಸಾಕಾದರೂ ಆರು ಎಳೆಯದ್ದು ಹಾಕಿಸಿ, ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಪಂಪ್‌ಹೌಸಿನ ಸ್ವಿಚ್ ಆ ದಿನವೇ ಕಿತ್ತುಹಾಕಿ.

ವೈರ್‌ಲೆಸ್ ಲಿಂಕ್ ಆಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಎರಡು ಚಾವಣಿಗಳ ನಡುವೆ ಒಂದೂ ಮರ ಅಡ್ಡ ಇಲ್ಲದಿದ್ದರೆ ಆಗುತ್ತದೆ. ಒದ್ದೆ ಎಲೆ ಸಿಗ್ನಲ್ ತಿನ್ನುತ್ತದೆ. ನಮ್ಮ ಊರಿನಲ್ಲಿ ಮರ ಅಡ್ಡ ಇಲ್ಲದ 180 ಮೀಟರ್ ಸಿಗುವುದು ಅಪರೂಪ.

ಇನ್ನು ಕಚೇರಿಯೊಳಗೆ ಎಲ್ಲಿ ಎನ್ನುವ ಪ್ರಶ್ನೆ. ಮೇಲಿನ ಮಹಡಿ ಇದ್ದರೆ ಅಲ್ಲಿಡಿ. ಕೀರೆಹೊಳೆ ಉಕ್ಕಿದ್ದನ್ನು ನೋಡಿದ ಊರಿನವರು ನೀವು. ನೆಲಮಹಡಿಯೇ ಗತಿ ಎಂದಾದರೆ ಎದೆಯ ಎತ್ತರದಲ್ಲಿ ಗೋಡೆಗೆ ಸ್ಟ್ಯಾಂಡ್ ಹೊಡೆಸಿ. ಮಳೆ ಹೊಡೆಯುವ ಹೊರಗೋಡೆ ಬೇಡ, ಒಳಗಿನ ಗೋಡೆ ನೋಡಿ. ಹೆಂಚಿನ ಸಂದಿನಲ್ಲಿ ಸೋರುವ ಕಡೆಯೂ ಬೇಡ. ಗಾಳಿ ಆಡದ ಬೀರುವಿನೊಳಗೆ ಇಟ್ಟು ಬಾಗಿಲು ಹಾಕಬೇಡಿ, ಡಿಸ್ಕ್ ಬಿಸಿಯಾಗುತ್ತದೆ. ಇನ್ವರ್ಟರ್‌ನ ಬ್ಯಾಟರಿ ಇರುವ ಮೂಲೆಯಿಂದಲೂ ದೂರವಿರಲಿ, ಆಸಿಡ್ ಆವಿ ಸರ್ಕ್ಯೂಟ್ ಬೋರ್ಡ್‌ಗಳಿಗೆ ಒಳ್ಳೆಯದಲ್ಲ. ಗೋದಾಮಿನ ತೊಂದರೆಯೂ ಇದೇ ರೀತಿಯದ್ದು: ಕಾಫಿ ಹೊಟ್ಟು, ಗೋಣಿಚೀಲದ ನಾರು, ತೇವ. ಫ್ಯಾನ್ ಅದನ್ನೆಲ್ಲ ಒಳಗೆಳೆದುಕೊಂಡು ಸರ್ವರನ್ನು ಒಳಗಿಂದ ಮುಚ್ಚುತ್ತದೆ. ಜುಲೈ ತಿಂಗಳ ತೇವದಲ್ಲಿ ಸರ್ವರ್ ಹಗಲು ರಾತ್ರಿ ಓಡುತ್ತಿರುವುದೇ ಒಳ್ಳೆಯದು. ತನ್ನ ಬಿಸಿಗೆ ತಾನೇ ಒಣಗಿರುತ್ತದೆ. ಮೂರು ದಿನ ತಣ್ಣಗೆ ಬಿದ್ದಿದ್ದು ಆಮೇಲೆ ಒಮ್ಮೆಲೇ ಆನ್ ಮಾಡುವಾಗ ಅಪಾಯ ಜಾಸ್ತಿ.

ಕರೆಂಟ್ ವಿಷಯಕ್ಕೆ ಬರೋಣ. ನಾನು ನೋಡಿದ ಎಷ್ಟೋ ಕಚೇರಿಗಳಲ್ಲಿ ಸರ್ವರಿಗೆ ಯುಪಿಎಸ್ ಇರುತ್ತದೆ, ಸ್ವಿಚ್ ಮಾತ್ರ ಗೋಡೆಯ ಪ್ಲಗ್ಗಿನಲ್ಲಿರುತ್ತದೆ. ಕರೆಂಟ್ ಮಿಟುಕಿದರೆ ಸರ್ವರ್ ಬದುಕಿರುತ್ತದೆ, ಆದರೆ ಸ್ವಿಚ್ ಆಫ್ ಆಗಿ ತೆರೆದಿದ್ದ ಫೈಲ್‌ಗಳೆಲ್ಲ ಅರ್ಧಕ್ಕೆ ಕಡಿದುಹೋಗುತ್ತವೆ. ಲೆಕ್ಕದ ಸಾಫ್ಟ್‌ವೇರಿನ ಡೇಟಾ ಹಾಳಾಗುವುದು ಹೆಚ್ಚಾಗಿ ಹೀಗೆ. ಸರ್ವರ್, ಸ್ವಿಚ್, ರೂಟರ್, ಇಂಟರ್‌ನೆಟ್‌ನವರ ಫೈಬರ್ ಡಬ್ಬಿ, ನಾಲ್ಕೂ ಒಂದೇ ಯುಪಿಎಸ್‌ನಲ್ಲಿ ಇರಬೇಕು. ಎರಡು ಡಿಸ್ಕಿನ ಚಿಕ್ಕ ಸರ್ವರ್ ಆದರೆ ಎಲ್ಲ ಸೇರಿ 100 ವ್ಯಾಟ್ ದಾಟುವುದು ಕಷ್ಟ. ಇನ್ವರ್ಟರಿನ 12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್ ಅವರ್ ಇರುತ್ತದೆ. ನಷ್ಟವೆಲ್ಲ ಕಳೆದು ಮೂರರಲ್ಲಿ ಎರಡು ಪಾಲು ಸಿಕ್ಕರೂ ಹತ್ತು ಹನ್ನೆರಡು ಗಂಟೆ ನಡೆಯುತ್ತದೆ. ನಿಮ್ಮ ಇನ್ವರ್ಟರ್ ಸೈನ್ ವೇವ್ ಆಗಿದ್ದರೆ ಅದಕ್ಕೂ ಸರ್ವರಿಗೂ ನಡುವೆ ಒಂದು ಚಿಕ್ಕ ಯುಪಿಎಸ್ ಇಡಿ. ಇನ್ವರ್ಟರ್ ಬದಲಾಗುವ ಆ ಕ್ಷಣವನ್ನು ಯುಪಿಎಸ್ ತುಂಬುತ್ತದೆ, ದೀರ್ಘ ಹೊತ್ತನ್ನು ಇನ್ವರ್ಟರ್ ನೋಡಿಕೊಳ್ಳುತ್ತದೆ. ಯುಪಿಎಸ್‌ನಿಂದ ಸರ್ವರಿಗೆ ಯುಎಸ್‌ಬಿ ಕೇಬಲ್ ಹಾಕುವುದು ಮರೆಯಬೇಡಿ. ಬ್ಯಾಟರಿ ಮುಗಿಯುವ ಮೊದಲೇ ಸರ್ವರ್ ತಾನೇ ಫೈಲ್‌ಗಳನ್ನು ಮುಚ್ಚಿ ಆಫ್ ಆಗಬೇಕು. ವೋಲ್ಟೇಜ್ ಒಮ್ಮೆಲೇ ಏರಿದಾಗ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕುವುದಾದರೆ ಮೊದಲು ಅರ್ತಿಂಗ್ ಪರೀಕ್ಷೆ ಮಾಡಿಸಿ, ಅರ್ತಿಂಗ್ ಇಲ್ಲದೆ ಅದು ಹೆಚ್ಚಿನ ಕೆಲಸ ಮಾಡುವುದಿಲ್ಲ.

ಸ್ವಿಚ್ ಎರಡಿರಲಿ, ಆದರೆ ಎರಡನೆಯದು ಬಳಸದೆ ಪೆಟ್ಟಿಗೆಯಲ್ಲೇ ಇರಲಿ. ಒಂಬತ್ತು ಜನರ ಕಚೇರಿಗೆ ಎರಡು ಸ್ವಿಚ್ ಸೇರಿಸಿ ಒಂದು ಕೆಟ್ಟರೆ ಇನ್ನೊಂದು ನಡೆಯುವ ಏರ್ಪಾಡು ಅತಿಯಾಯಿತು. ಮೇಲಾಗಿ ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್ ಹಾಕಿದರೆ ಡೇಟಾ ಸುತ್ತು ಹೊಡೆಯಲು ಶುರುವಾಗಿ ಇಡೀ ನೆಟ್‌ವರ್ಕ್ ಸ್ತಬ್ಧವಾಗುತ್ತದೆ. ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ರೇಡಿಯಾ ಪರ್ಲ್‌ಮನ್ 1985ರಲ್ಲೇ ಕಂಡುಹಿಡಿದರು. ಆದರೆ ಪೇಟೆಯಲ್ಲಿ ಸಿಗುವ ಅಗ್ಗದ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಅದೇ ಮಾದರಿಯ ಇನ್ನೊಂದು ಸ್ವಿಚ್ ಕಪಾಟಿನಲ್ಲಿ ಇದ್ದರೆ ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಬದಲಾಯಿಸಬಹುದು. ಬೆಂಗಳೂರಿನವರಿಗೆ ಈ ಸಲಹೆ ಇಷ್ಟು ಒತ್ತಿ ಹೇಳುವುದಿಲ್ಲ, ಅಲ್ಲಿ ಸಂಜೆಯೊಳಗೆ ಹೊಸದು ಸಿಗುತ್ತದೆ. ನಮಗೆ ಮೈಸೂರಿನಿಂದ ಬರಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಮುಚ್ಚಿದ್ದು ನೆನಪಿದೆಯಲ್ಲ. ಪ್ರತಿ ಕೇಬಲ್‌ಗೂ ಎರಡೂ ತುದಿಯಲ್ಲಿ ಚೀಟಿ ಅಂಟಿಸಿ.

ಕಣ್ಣಿಗೆ ಕಾಣದ ಕೊಂಡಿಗಳೂ ಇವೆ. ಕಂಪ್ಯೂಟರ್ ಸರ್ವರನ್ನು ಹೆಸರಿನಿಂದ ಹುಡುಕುತ್ತದೆ, ಆ ಹೆಸರಿಗೆ ವಿಳಾಸ ಹೇಳುವವರು ಯಾರು? ಬೆಳಿಗ್ಗೆ ಆನ್ ಮಾಡಿದಾಗ ಐಪಿ ವಿಳಾಸ ಕೊಡುವವರು ಯಾರು? ಪಾಸ್‌ವರ್ಡ್ ಸರಿಯಿದೆಯೇ ಎಂದು ನೋಡುವವರು ಯಾರು? ಇವುಗಳಲ್ಲಿ ಒಂದು ಕೆಲಸ ಇಂಟರ್‌ನೆಟ್ಟಿನ ಆಚೆಗಿದ್ದರೂ ಸರ್ವರ್ ಪಕ್ಕದಲ್ಲೇ ಇದ್ದು ಉಪಯೋಗವಿಲ್ಲ. ಸರ್ವರಿಗೆ ಖಾಯಂ ವಿಳಾಸ ಕೊಡಿ. ಹೆಸರು, ವಿಳಾಸ, ಪಾಸ್‌ವರ್ಡ್ ನೋಡುವ ಕೆಲಸಗಳು ಕಚೇರಿಯೊಳಗೇ ನಡೆಯಲಿ. ಎಲ್ಲ ಶಾರ್ಟ್‌ಕಟ್‌ಗಳಲ್ಲೂ ಅಂಕಿಯ ವಿಳಾಸ ಬೇಡ, ಹೆಸರನ್ನೇ ಬಳಸಿ. ಮುಂದೆ ಸರ್ವರ್ ಬದಲಾದರೆ ಹೆಸರನ್ನು ಹೊಸದಕ್ಕೆ ತಿರುಗಿಸಿದರೆ ಮುಗಿಯಿತು, ಒಂಬತ್ತು ಕಂಪ್ಯೂಟರ್ ಮುಂದೆ ಕೂರಬೇಕಿಲ್ಲ. ಇಂಟರ್‌ನೆಟ್ ಕೇಬಲ್ ಕಿತ್ತು ಎಲ್ಲ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ, ಫೈಲ್ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ಎಲ್ಲೋ ಒಂದು ಕೊಂಡಿ ಹೊರಗಿದೆ.

ಕ್ಲೌಡ್ ಬಗ್ಗೆ ಕೇಳಿದ್ದೀರಿ. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಇಮೇಲ್‌ಗೆ, ದೂರದಲ್ಲಿಡುವ ಬ್ಯಾಕಪ್ ಪ್ರತಿಗೆ ಅದೇ ಸರಿ. ಆದರೆ ದಿನದ ಫೈಲ್‌ಗಳನ್ನು ನೇರವಾಗಿ ದೂರದ ಸರ್ವರಿನಿಂದ ತೆರೆಯುವುದು ಬೇರೆ ಮಾತು. ಫೈಲ್ ಹಂಚುವ ವಿಧಾನದಲ್ಲಿ ಕಂಪ್ಯೂಟರೂ ಸರ್ವರೂ ಬಹಳ ಸಲ ಮಾತಾಡಿಕೊಳ್ಳುತ್ತವೆ. ಒಂದು ದೊಡ್ಡ ಲೆಡ್ಜರ್ ತೆರೆಯಲು 1000 ಸಲ ಹೋಗಿ ಬರಬೇಕು ಎನ್ನಿ. ಕಚೇರಿಯೊಳಗೆ ಒಂದು ಸಲಕ್ಕೆ ಅರ್ಧ ಮಿಲಿಸೆಕೆಂಡ್ ಆದರೆ ಒಟ್ಟು ಅರ್ಧ ಸೆಕೆಂಡ್. ಹೊರಗೆ ಹೋಗಿ ಬರಲು 20 ಮಿಲಿಸೆಕೆಂಡ್ ಆದರೆ 20 ಸೆಕೆಂಡ್. ಲೈನ್ ಎಷ್ಟೇ ಅಗಲವಿದ್ದರೂ ಈ ಕಾಯುವಿಕೆ ಕಡಿಮೆಯಾಗುವುದಿಲ್ಲ. ಜೊತೆಗೆ ನಮ್ಮಲ್ಲಿ ಇಂಟರ್‌ನೆಟ್ ಫೈಬರ್ ಬಹಳ ಕಡೆ ಕರೆಂಟ್ ಕಂಬದ ಮೇಲೇ ಹೋಗುತ್ತದೆ. ಮರ ಬಿದ್ದರೆ ಎರಡೂ ಹೋಗುತ್ತವೆ. ಕರೆಂಟಿಗೆ ನಿಮ್ಮ ಬ್ಯಾಟರಿ ಇದೆ, ಇಂಟರ್‌ನೆಟ್ಟಿಗೆ ಇಲ್ಲ.

ಇದೇ ಕಾರಣಕ್ಕೆ ಸಿದ್ದಾಪುರಕ್ಕೆ ಅದರದೇ ಚಿಕ್ಕ ಸರ್ವರ್ ಇಡಿ. ಅಲ್ಲಿಯ ನಾಲ್ಕು ಜನರ ಫೈಲ್ ಅಲ್ಲೇ ಇರಲಿ. ರಾತ್ರಿ ಎರಡು ಕಡೆಯೂ ಒಬ್ಬರದು ಇನ್ನೊಬ್ಬರಿಗೆ ನಕಲಾಗಲಿ. ಇಲ್ಲಿ ಒಂದು ನಿಯಮವನ್ನು ಬಿಡದೆ ಪಾಲಿಸಬೇಕು: ಒಂದು ಫೋಲ್ಡರಿಗೆ ಒಂದೇ ಊರು ಯಜಮಾನ. ಗೋಣಿಕೊಪ್ಪಲಿನ ಫೋಲ್ಡರಿನ ನಕಲು ಸಿದ್ದಾಪುರದಲ್ಲಿ ಓದಲಿಕ್ಕೆ ಮಾತ್ರ ಇರಬೇಕು, ಅಲ್ಲಿಯದು ಇಲ್ಲಿಯೂ ಹಾಗೆಯೇ. ಎರಡು ಕಡೆಯೂ ತಿದ್ದಲು ಬಿಟ್ಟರೆ ಕೊನೆಗೆ ತಿದ್ದಿದವರದ್ದು ಉಳಿದು ಇನ್ನೊಬ್ಬರ ದಿನದ ಕೆಲಸ ಸದ್ದಿಲ್ಲದೆ ಮಾಯವಾಗಬಹುದು. ಇಬ್ಬರೂ ಬರೆಯಲೇಬೇಕಾದ ಲೆಕ್ಕದ ಪುಸ್ತಕಕ್ಕೆ ಸಿದ್ದಾಪುರದವರು ರಿಮೋಟ್ ಡೆಸ್ಕ್‌ಟಾಪ್ (ದೂರದ ಕಂಪ್ಯೂಟರಿನ ಪರದೆಯನ್ನು ಇಲ್ಲಿಂದಲೇ ಬಳಸುವ ವಿಧಾನ) ಮೂಲಕ ಗೋಣಿಕೊಪ್ಪಲಿನ ಕಂಪ್ಯೂಟರಿಗೆ ಬಂದು ಬರೆಯಲಿ. ಲೈನ್ ಹೋದರೆ ಪರದೆ ಮಾತ್ರ ಹೋಗುತ್ತದೆ, ಫೈಲ್ ಸರ್ವರಿನ ಪಕ್ಕದಲ್ಲೇ ಸುರಕ್ಷಿತವಾಗಿ ತೆರೆದಿರುತ್ತದೆ. ಇದೆಲ್ಲ ವಿಪಿಎನ್ (ಇಂಟರ್‌ನೆಟ್ ಮೇಲೆ ಮಾಡಿಕೊಳ್ಳುವ ಗುಪ್ತ ಖಾಸಗಿ ದಾರಿ) ಒಳಗೇ ನಡೆಯಬೇಕು. ಫೈಲ್ ಹಂಚಲು ಬಳಸುವ 445ನೇ ಪೋರ್ಟನ್ನು (ನೆಟ್‌ವರ್ಕಿನ ಬಾಗಿಲ ಸಂಖ್ಯೆ) ಎಂದಿಗೂ ಇಂಟರ್‌ನೆಟ್ಟಿಗೆ ತೆರೆಯಬೇಡಿ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ದುಷ್ಟ ಸಾಫ್ಟ್‌ವೇರ್ ಜಗತ್ತಿಡೀ ಹರಡಿದ್ದು ಆ ದಾರಿಯಲ್ಲೇ. ರಿಮೋಟ್ ಡೆಸ್ಕ್‌ಟಾಪಿಗೂ ಇದೇ ಮಾತು.

ಗೋದಾಮಿನ ಮೂರು ಕಂಪ್ಯೂಟರ್‌ಗಳಿಗೆ ಸರ್ವರ್ ಸ್ವಲ್ಪ ದೂರವಾಗುತ್ತದೆ, ನಿಜ. ಆದರೆ ಬೆಳೆಗಾರರ ಜೀಪು ಸಾಲಾಗಿ ನಿಂತಿರುವಾಗ ತೂಕ ನಿಲ್ಲಬಾರದು. ತೂಕದ ಚೀಟಿ ಆ ಕಂಪ್ಯೂಟರಿನಲ್ಲೇ ದಾಖಲಾಗಿ, ಲಿಂಕ್ ಇದ್ದಾಗ ಸರ್ವರಿಗೆ ಹೋಗುವ ಹಾಗೆ ಮಾಡಿಸಿ.

ಪ್ರತಿಗಳ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎರಡು ಡಿಸ್ಕಿನ ರೇಡ್ (ಒಂದೇ ಡೇಟಾವನ್ನು ಎರಡೂ ಡಿಸ್ಕಿಗೆ ಒಟ್ಟಿಗೆ ಬರೆಯುವ ಏರ್ಪಾಡು) ಇದೆ, ಸಾಕು ಎಂದುಕೊಳ್ಳಬೇಡಿ. ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲಬಾರದು ಎನ್ನುವುದಕ್ಕೆ ರೇಡ್. ಸಿಡಿಲು ಹೊಡೆದರೆ, ಕಳ್ಳತನವಾದರೆ, ಯಾರಾದರೂ ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ನಲ್ಲಿದ್ದದ್ದು ಒಟ್ಟಿಗೆ ಹೋಗುತ್ತದೆ. ಇಲ್ಲಿ ನಿಮ್ಮ ಗೋದಾಮು ಉಪಯೋಗಕ್ಕೆ ಬರುತ್ತದೆ. ಅಲ್ಲಿ ಒಂದು ಬ್ಯಾಕಪ್ ಡಬ್ಬಿ ಧೂಳು ಬೀಳದ ಹಾಗೆ ಇಡಿ. ಕೆಲಸಕ್ಕೆ ಸರ್ವರ್ ಹತ್ತಿರ ಬೇಕು, ಪ್ರತಿ ಮಾತ್ರ ದೂರ ಬೇಕು. ಬೆಂಕಿಗೆ, ಕಳ್ಳರಿಗೆ 180 ಮೀಟರ್ ಸಾಕು. ನೆರೆಗೆ ಸಾಲದು. ಸಿದ್ದಾಪುರವೂ ಕಾವೇರಿಯ ಮಗ್ಗುಲಲ್ಲೇ ಇದೆ, 2019ರಲ್ಲಿ ಅಲ್ಲಿ ಕರಡಿಗೋಡಿನ ಕಡೆ ನೆರೆ ಬಂದು ಏನಾಯಿತೆಂದು ಗೊತ್ತಿದೆ. ಹಾಗಾಗಿ ಇನ್ನೊಂದು ಪ್ರತಿ ಜಿಲ್ಲೆಯ ಹೊರಗೆ, ಕ್ಲೌಡ್‌ನಲ್ಲೋ ಮೈಸೂರಿನಲ್ಲೋ ಇರಲಿ. ಇದಲ್ಲದೆ ಯಾವ ಕೇಬಲಿಗೂ ತಾಗದ ಒಂದು ಡಿಸ್ಕ್ ಬೇಕು. ವಾರಕ್ಕೊಮ್ಮೆ ಪ್ರತಿ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು ಮನೆಗೆ ಒಯ್ಯಿರಿ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಫೈಲ್ ನಿಜವಾಗಿ ತೆರೆದು ನೋಡಿ.

ಯಾವುದನ್ನು ಯಾವಾಗ ಎಂದರೆ, ಸರ್ವರನ್ನು ಕಚೇರಿಗೆ ತರುವುದಕ್ಕೆ ಒಂದು ಭಾನುವಾರ ಸಾಕು. ತರುವ ಮುಂಚೆ ಪೂರ್ತಿ ಪ್ರತಿ ತೆಗೆದಿಡಿ. ಅದಕ್ಕೆ ಮಳೆ ನಿಲ್ಲುವವರೆಗೆ ಕಾಯಬೇಡಿ, ಈ ವಾರವೇ ಮಾಡಿ. ಸ್ವಿಚ್ಚನ್ನು ಯುಪಿಎಸ್‌ಗೆ ಹಾಕುವುದೂ ಅದೇ ದಿನ. ಫೈಬರಿಗೆ ಮಣ್ಣು ಅಗೆಯಬೇಕು, ಅದನ್ನು ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆದು ಸುಗ್ಗಿ ಹಬ್ಬ ಹುತ್ತರಿ ಬರುವುದರೊಳಗೆ ಮುಗಿಸಿ. ಆಮೇಲೆ ಕಾಫಿ ಬರಲು ಶುರುವಾದರೆ ಗೋದಾಮಿನ ಮುಂದೆ ಗುಂಡಿ ತೋಡಲು ನಿಮಗೆ ಪುರುಸೊತ್ತು ಸಿಗುವುದಿಲ್ಲ. ಅಲ್ಲಿಯವರೆಗೆ ಗುಡುಗಿನ ಸದ್ದು ಕೇಳುವ ಮೊದಲೇ, ಮೋಡ ಕಪ್ಪಾಗುತ್ತಿದ್ದ ಹಾಗೆ ಗೋದಾಮಿಗೆ ಹೋಗುವ ತಾಮ್ರದ ಕೇಬಲನ್ನು ಕಚೇರಿಯ ಸ್ವಿಚ್‌ನಿಂದ ಕಿತ್ತಿಡಲು ಒಬ್ಬರಿಗೆ ಜವಾಬ್ದಾರಿ ಕೊಡಿ.